ಕಾದಾಡುವ ರೋಬೋಟ್ ಮತ್ತು ಗಾಳಿಯ ಲೆಕ್ಕ

ನಾನು ಕಾಮರ್ಸ್ ವಿದ್ಯಾರ್ಥಿನಿ. ಈ ಲೇಖನದ ಹೆಸರು ನೋಡಿ ಸೈನ್ಸ್ ವಿಭಾಗದ ಗೆಳತಿಯರು ನಗಬಹುದು. ನಮ್ಮ ಭಾಯಿ ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದಾರೆ. ಕಳೆದ ಡಿಸೆಂಬರ್‌ನಿಂದ ಅವರೂ ಅವರ ಇಬ್ಬರು ಗೆಳೆಯರೂ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ರೋಬೋಟ್ ಕಟ್ಟುತ್ತಿದ್ದಾರೆ. ಖರ್ಚಿನ ಲೆಕ್ಕ ಬರೆಯುವ ಕೆಲಸ ನನ್ನದು. ಬಿಲ್ಲಿನಲ್ಲಿರುವ ಒಂದೊಂದು ಸಾಮಾನು ಯಾಕೆ ಬೇಕು ಎಂದು ಕೇಳುತ್ತಾ ಕೇಳುತ್ತಾ ಇಷ್ಟು ಕಲಿತೆ.

ರೋಬೋಟ್ ಕಾಳಗದಲ್ಲಿ ಕೆಲವು ಯಂತ್ರಗಳು ತಿರುಗುವ ಬ್ಲೇಡಿನಿಂದ ಹೊಡೆಯುತ್ತವೆ. ಇನ್ನು ಕೆಲವಕ್ಕೆ ಫ್ಲಿಪ್ಪರ್ ಎಂಬ ತೋಳು ಇರುತ್ತದೆ. ಅದು ಎದುರಾಳಿಯ ಕೆಳಗೆ ನುಗ್ಗಿ ಮೇಲಕ್ಕೆ ಎಸೆಯುತ್ತದೆ. ಬ್ರಿಟನ್ನಿನ ‘ರೋಬೋಟ್ ವಾರ್ಸ್’ ಟಿವಿ ಸ್ಪರ್ಧೆಯಲ್ಲಿ ಎರಡು ಸಲ ಚಾಂಪಿಯನ್ ಆದ ‘ಕೇಯಾಸ್ 2’ ಇಂಥದ್ದೇ. ಎದುರಾಳಿಯನ್ನು ಅಖಾಡದ ಗೋಡೆಯಾಚೆಗೆ ಎಸೆದು ಅದು ಹೆಸರು ಮಾಡಿತು. ಇಷ್ಟು ಬಲ ಬರುವುದು ಒತ್ತಿ ತುಂಬಿದ ಅನಿಲದಿಂದ.

ನಮ್ಮ ರೋಬೋಟಿನಲ್ಲಿ ಅನಿಲ ಹೋಗುವ ದಾರಿ ಹೀಗಿದೆ: ಕಾರ್ಬನ್ ಡೈಆಕ್ಸೈಡ್ ಬಾಟಲ್, ಅದರ ಬಾಯಿಗೆ ಬಂದ್ ಮಾಡುವ ವಾಲ್ವ್, ಆಮೇಲೆ ಒತ್ತಡ ಇಳಿಸುವ ರೆಗ್ಯುಲೇಟರ್, ನಾನ್ ರಿಟರ್ನ್ ವಾಲ್ವ್, ಬಫರ್ ಟ್ಯಾಂಕ್, ರಿಮೋಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್, ಕೊನೆಗೆ ತೋಳನ್ನು ತಳ್ಳುವ ಸಿಲಿಂಡರ್. ಬಾಟಲಿನೊಳಗೆ 20 ಡಿಗ್ರಿ ಉಷ್ಣತೆಯಲ್ಲಿ ಸುಮಾರು 57 ಬಾರ್ ಒತ್ತಡ ಇರುತ್ತದೆ. ರೆಗ್ಯುಲೇಟರ್ ಅದನ್ನು 8 ಬಾರ್‌ಗೆ ಇಳಿಸುತ್ತದೆ.

8 ಬಾರ್ ಅಂದರೆ ಕಡಿಮೆ ಎಂದು ನಾನು ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ. ಒಂದು ಬಾರ್ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ಭಾರ. ನಮ್ಮ ಪಿಸ್ಟನ್ನಿನ ವ್ಯಾಸ 6.3 ಸೆಂ.ಮೀ., ಅದರ ವಿಸ್ತೀರ್ಣ ಸುಮಾರು 31 ಚದರ ಸೆಂ.ಮೀ. 31ನ್ನು 8ರಿಂದ ಗುಣಿಸಿದರೆ 248. ಅಂದರೆ 50 ಕೆಜಿಯ ಐದು ಸಿಮೆಂಟ್ ಮೂಟೆಗಳ ಭಾರ, ಅದೂ ಕಣ್ಣು ಮಿಟುಕಿಸುವುದರೊಳಗೆ. ವ್ಯಾಸ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ.

ಫೆಬ್ರವರಿಯ ಒಂದು ಭಾನುವಾರ ಪರೀಕ್ಷೆ ಮುಗಿಸಿ ಬಾಟಲ್ ಬಂದ್ ಮಾಡಿದರು. ಗಾಳಿ ಬಿಡುವ ವಾಲ್ವ್ ತೆರೆದರು. ಬುಸ್ ಎಂದು ಹೊರಗೆ ಹೋಯಿತು. ಗೇಜಿನ ಮುಳ್ಳು ಸೊನ್ನೆಗೆ ಬಂತು, ನಾನೇ ನೋಡಿದೆ. ಭಾಯಿ ಒಂದು ನಟ್ ಬಿಗಿ ಮಾಡಲು ತೋಳಿನ ಮೇಲೆ ಕೈಯಿಟ್ಟರು. ಅವರ ಗೆಳೆಯ ರಿಮೋಟ್ ಎತ್ತಿಡುವಾಗ ಬೆರಳು ಬಟನ್ನಿಗೆ ತಾಗಿತು. ತೋಳು ಎದ್ದಿತು. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಪರೀಕ್ಷೆ ಹತ್ತಿರವಿತ್ತು. ಅಮ್ಮಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಒಂದೇ ಮಾತು ಕೇಳಿದರು: “ಸೊನ್ನೆ ಇತ್ತು ಅಂದಿರಲ್ಲ, ಮತ್ತೆ ಎಲ್ಲಿಂದ ಬಂತು?”

ಉತ್ತರ ಸಿಕ್ಕಿದ್ದು ಚಿತ್ರ ಬರೆದಾಗ. ಗೇಜ್ ಮತ್ತು ಗಾಳಿ ಬಿಡುವ ವಾಲ್ವ್ ಎರಡೂ ನಾನ್ ರಿಟರ್ನ್ ವಾಲ್ವಿಗಿಂತ ಮುಂಚೆ, ರೆಗ್ಯುಲೇಟರ್ ಕಡೆಗೆ ಇದ್ದವು. ಆ ವಾಲ್ವ್ ಅನಿಲವನ್ನು ಮುಂದಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಹೀಗಾಗಿ ಮುಂದಿನ ಬಫರ್ ಟ್ಯಾಂಕ್ 8 ಬಾರ್ ಹಿಡಿದುಕೊಂಡೇ ಕುಳಿತಿತ್ತು. ನಗದು ಪುಸ್ತಕದಲ್ಲಿ ಶಿಲ್ಕು ಸೊನ್ನೆ ಇದೆ ಎಂದು ಬ್ಯಾಂಕ್ ಖಾತೆಯನ್ನು ನೋಡದೇ ಲೆಕ್ಕ ಮುಗಿಸಿದ ಹಾಗೆ. ಗೇಜ್ ಸುಳ್ಳು ಹೇಳಿರಲಿಲ್ಲ, ತನ್ನ ಜಾಗದ ಲೆಕ್ಕ ಮಾತ್ರ ಹೇಳಿತ್ತು. ಅನಿಲ ಸಿಕ್ಕಿಕೊಳ್ಳಬಹುದಾದ ಪ್ರತಿ ಭಾಗಕ್ಕೂ ಹೊರಗೆ ಬಿಡುವ ದಾರಿ ಮತ್ತು ಒತ್ತಡ ತೋರಿಸುವ ಗೇಜ್ ಬೇಕು. ಈಗ ಟ್ಯಾಂಕಿಗೇ ಎರಡನ್ನೂ ಹಾಕಿದ್ದಾರೆ. 10 ಬಾರ್‌ನಲ್ಲಿ ತಾನೇ ತೆರೆಯುವ ಸೇಫ್ಟಿ ವಾಲ್ವ್ ಕೂಡ ಇದೆ, ಯಾಕೆಂದರೆ ರೆಗ್ಯುಲೇಟರ್ ಕೆಟ್ಟರೆ 57 ಬಾರ್ ನೇರವಾಗಿ 10 ಬಾರಿನ ಸಿಲಿಂಡರಿಗೆ ನುಗ್ಗುತ್ತದೆ.

ಹಣ ಉಳಿಸಲು ಪಿವಿಸಿ ಪೈಪನ್ನೇ ಟ್ಯಾಂಕ್ ಮಾಡೋಣ ಎಂದು ಮೊದಲು ಸಲಹೆ ಕೊಟ್ಟವಳು ನಾನೇ. ಖರ್ಚು ಬರೆಯುವವರಿಗೆ ಇಂಥ ಆಸೆ ಸಹಜ. ಭಾಯಿ ಒಪ್ಪಲಿಲ್ಲ. ನೀರಿನ ಪೈಪ್ ಒಡೆದರೆ ನೀರು ಚೆಲ್ಲುತ್ತದೆ, ಏಕೆಂದರೆ ನೀರು ಒತ್ತಿದರೂ ಕುಗ್ಗುವುದಿಲ್ಲ. ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಶಕ್ತಿ ಕೂಡಿಟ್ಟುಕೊಂಡಿರುತ್ತದೆ, ಪಿವಿಸಿ ಒಡೆದರೆ ಚೂರುಗಳು ಸಿಡಿಯುತ್ತವೆ. ಗ್ಯಾಸ್ ಬಾಟಲನ್ನು ನೀರು ತುಂಬಿ ಪರೀಕ್ಷಿಸುವುದೂ ಇದೇ ಕಾರಣಕ್ಕೆ.

ಬಿಸಿಲಿನ ಮಾತೂ ಇದೆ. ಕಾರ್ಬನ್ ಡೈಆಕ್ಸೈಡ್ 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗಿ ಉಳಿಯುವುದಿಲ್ಲ, ಬಾಟಲಿನೊಳಗಿನ ಒತ್ತಡ ಬೇಗ ಏರುತ್ತದೆ. ಅದಕ್ಕೇ ಬಾಟಲನ್ನು ಗಂಟಲವರೆಗೆ ತುಂಬದೆ ತೂಕ ನೋಡಿ ತುಂಬುತ್ತಾರೆ. ನಮ್ಮ ಬಾಟಲ್ ಈಗ ಮಾಳಿಗೆಯಿಂದ ಇಳಿದು ಮೆಟ್ಟಿಲ ಪಕ್ಕದ ನೆರಳಲ್ಲಿ, ಗೋಡೆಗೆ ಸರಪಳಿ ಬಿಗಿದುಕೊಂಡು ನಿಂತಿದೆ. ಮುಚ್ಚಿದ ಕೋಣೆಯಲ್ಲಿ ಇಡಬಾರದು. ಸೋರಿದರೆ ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ.

ಭಾಯಿ ಎಡಗೈಯಲ್ಲಿ ನಟ್ ತಿರುಗಿಸುವುದನ್ನು ಕಲಿತಿದ್ದಾರೆ. ತೋಳಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಬಂದಿದೆ, ಅದು ಇರುವವರೆಗೆ ತೋಳು ಏಳಲಾರದು. ಕಣ್ಣಿಗೆ ಬೀಳಲೆಂದು ಅಮ್ಮಿ ತಮ್ಮ ಹಳೆಯ ಕೆಂಪು ದುಪಟ್ಟಾದ ತುಂಡನ್ನು ಅದಕ್ಕೆ ಕಟ್ಟಿದ್ದಾರೆ. ಸರಳಿನ ಬೆಲೆ 90 ರೂಪಾಯಿ, ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೇನೆ. ದುಪಟ್ಟಾಕ್ಕೆ ಅಮ್ಮಿ ಬಿಲ್ ಕೊಟ್ಟಿಲ್ಲ.