ಖಾಲಿ ಎನ್ನಬೇಡಿ ಮಕ್ಕಳೇ

ಪುತ್ತೂರು, ಸುಳ್ಯ, ಕಡಬದಿಂದ ಗಲ್ಫಿಗೆ ಹೊರಟ ಮಕ್ಕಳೇ, ಬಜಪೆಯಲ್ಲಿ ವಿಮಾನ ಹತ್ತುವ ಮೊದಲು ಈ ಹಿರಿಯನ ನಾಲ್ಕು ಮಾತು ಕೇಳಿ. ಅಬುಧಾಬಿಯಿಂದ ಮರಳುಗಾಡಿನ ಅಂಚಿನ ಲಿವಾದ ಕಡೆಗೆ 18 ವರ್ಷ ಲಾರಿ ಓಡಿಸಿದವನು ನಾನು. ಅಡಿಕೆ ತೋಟದ ನೆರಳಲ್ಲಿ ಬೆಳೆದ ಕಣ್ಣಿಗೆ ಮೊದಮೊದಲು ಅಲ್ಲಿ ಏನೂ ಕಾಣಲಿಲ್ಲ, ಎದೆ ಒಣಗಿತು. ಆ ಮರಳುಗಾಡಿನ ಹೆಸರೇ ರುಬ್ ಅಲ್ ಖಾಲಿ. ನಾವು ದಿನಾ ಹೇಳುವ ‘ಖಾಲಿ’ ಅದೇ ಅರಬ್ಬಿ ಮಾತು. ಸುಮಾರು 6.5 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದಂಥ ಮೂರು ರಾಜ್ಯ ಹಿಡಿಸುವಷ್ಟು. ಅದು ಖಾಲಿಯಲ್ಲ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ನಿಮಗೆ ಅಷ್ಟು ತಡವಾಗದಿರಲಿ.

• ಹೊತ್ತು ನೋಡಿ ಹೊರಡಿ. ಮಟಮಟ ಮಧ್ಯಾಹ್ನ ಮರಳಿಗೆ ಬಣ್ಣವೇ ಇಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನ ಕೆಲಸಕ್ಕೆ ಕಾನೂನೇ ತಡೆ ಹಾಕಿದೆ. ಚಳಿಗಾಲದ ಬೆಳಗಿನ ಜಾವ ಹೋಗಿ. ಓರೆ ಬಿಸಿಲಿಗೆ ದಿಬ್ಬದ ಒಂದು ಮಗ್ಗುಲು ಕೆಂಪು, ಇನ್ನೊಂದು ಕಪ್ಪು. ಆ ಕೆಂಪು ನಮ್ಮ ಮುರಕಲ್ಲಿನದೇ. ಎರಡಕ್ಕೂ ಬಣ್ಣ ಕೊಟ್ಟದ್ದು ಕಬ್ಬಿಣದ ತುಕ್ಕು.

• ಗಾಡಿ ನಿಲ್ಲಿಸಿ, ಕುಕ್ಕರಗಾಲಲ್ಲಿ ಕೂತು ನೋಡಿ. ಅಂಗಳದಲ್ಲಿ ಹರವಿದ ಭತ್ತವನ್ನು ಕಾಲಿನಿಂದ ಎಳೆದಾಗ ಏಳುವ ಸಾಲುಗಳ ಹಾಗೆ ಗಾಳಿ ಮರಳಿನ ಮೇಲೆ ಗೆರೆ ಎಳೆದಿರುತ್ತದೆ. ಒಮ್ಮೆ ಆ ಗೆರೆಗಳ ಮೇಲೆ ಕರಿ ಹುಳವೊಂದರ ಹೆಜ್ಜೆ ಕಂಡೆ, ಅಜ್ಜಿಯ ಕೈಹೊಲಿಗೆಯಷ್ಟು ಸಣ್ಣದು. ಹಿಂಬಾಲಿಸಿದೆ. ಒಣಹುಲ್ಲಿನ ಬುಡದ ಒಂದು ತೂತಿನಲ್ಲಿ ಅದು ಮುಗಿಯಿತು. ಅಲ್ಲೊಂದು ಮನೆ ಇತ್ತು!

• ಮರ ಕಂಡರೆ ಹತ್ತಿರ ಹೋಗಿ. ಅಲ್ಲಿಯವರು ಘಾಫ್ ಎನ್ನುವ ಮರ ಬೇರೆ ಯಾವುದೂ ಅಲ್ಲ, ನಾವು ವಿಜಯದಶಮಿಗೆ ಪೂಜಿಸುವ ಬನ್ನಿ. ಯುಎಇಯ ರಾಷ್ಟ್ರೀಯ ಮರ ಅದು. ನೀರು ಹುಡುಕಿ ಆಳಕ್ಕೆ ಬೇರು ಇಳಿಸಿ ಹಸಿರಾಗಿಯೇ ನಿಲ್ಲುತ್ತದೆ. ಮನೆಯ ನೆನಪು ಕಾಡಿದ ದಿನ ಅದರ ನೆರಳಲ್ಲಿ ಬುತ್ತಿ ಬಿಚ್ಚಿ. ಕೊಂಬೆ ಮುರಿಯಬೇಡಿ.

• ನೀರಿನ ಜಾಡು ಹಿಡಿಯಿರಿ. ಒಮಾನಿಗೆ ಹೋದರೆ ನಿಜ್ವಾದ ಫಲಜ್ ದಾರಿಸ್ ನೋಡದೆ ಬರಬೇಡಿ. ನೆಲದಡಿಯ ನೀರನ್ನು ಮೋಟಾರಿಲ್ಲದೆ, ಇಳಿಜಾರಿನ ಬಲದಿಂದಲೇ ಖರ್ಜೂರದ ತೋಟಕ್ಕೆ ಹರಿಸುವ ಕಾಲುವೆ ಅದು. ಅಂಥ ಐದು ಕಾಲುವೆಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಗೆ ಸೇರಿಸಿತು. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಹಗಲಲ್ಲಿ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು. ನಮ್ಮ ಕಡೆಯ ಸುರಂಗವೂ ಇದೇ ವಿದ್ಯೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬರಡು ಗುಡ್ಡಕ್ಕೆ ಒಬ್ಬರೇ ಸುರಂಗ ಕೊರೆದು ನೀರು ತಂದರು. 2022ರಲ್ಲಿ ಪದ್ಮಶ್ರೀ ಬಂತು. ಅದಕ್ಕೇ ಆ ಫಲಜ್ ಪಕ್ಕ ಕೂತರೆ ನಿಮಗೆ ಪರದೇಶ ಅನ್ನಿಸುವುದಿಲ್ಲ.

• ರಾತ್ರಿ ತಲೆ ಎತ್ತಿ. ನಮ್ಮೂರಲ್ಲಿ ಧ್ರುವ ನಕ್ಷತ್ರ ಹೆಚ್ಚುಕಡಿಮೆ 13 ಡಿಗ್ರಿ ಎತ್ತರದಲ್ಲಿ, ಗುಡ್ಡದ ಮರೆಗೇ ಹೋಗುತ್ತದೆ. ಲಿವಾದಲ್ಲಿ 23 ಡಿಗ್ರಿ. ನಾನು ಅದನ್ನು ಮೊದಲು ಕಣ್ತುಂಬ ನೋಡಿದ್ದು ಅಲ್ಲೇ.

• ಮೌನಕ್ಕೆ ಹೆದರಬೇಡಿ. ಹಂಚಿನ ಮೇಲಿನ ಮಳೆ, ಕಪ್ಪೆ, ಜೀರುಂಡೆ ಕೇಳುತ್ತ ಬೆಳೆದ ಕಿವಿ ನಮ್ಮದು. ಮರಳಿನ ನಡುವೆ ಮೊದಲ ಹತ್ತು ನಿಮಿಷ ಕಿವಿ ಗುಂಯ್‌ಗುಡುತ್ತದೆ. ಮೊಬೈಲು ಗಾಡಿಯಲ್ಲೇ ಇರಲಿ. ಆಮೇಲೆ ಮರಳು ಜಾರುವುದೂ ಕೇಳಿಸುತ್ತದೆ, ಮನಸ್ಸೂ ತಣ್ಣಗಾಗುತ್ತದೆ.

• ಕಹ್ವಾ ಕೊಟ್ಟರೆ ಬೇಡ ಎನ್ನಬೇಡಿ. ನಮ್ಮಲ್ಲಿ ಬಂದವರಿಗೆ ಬೆಲ್ಲ ನೀರು, ಅಲ್ಲಿ ಖರ್ಜೂರ ಮತ್ತು ಏಲಕ್ಕಿ ಹಾಕಿದ ಕಾಫಿ. ಬಲಗೈಯಲ್ಲಿ ತೆಗೆದುಕೊಳ್ಳಿ. ಸಾಕಾದರೆ ಬಟ್ಟಲನ್ನು ಮೆಲ್ಲಗೆ ಅಲುಗಿಸಿ ಕೊಡಿ.

• ಮಳೆ ಕಂಡು ಮೈಮರೆಯಬೇಡಿ. 2024ರ ಏಪ್ರಿಲ್ 16ರಂದು ಅಲ್ ಐನ್ ಕಡೆ ಒಂದೇ ದಿನದೊಳಗೆ 254 ಮಿ.ಮೀ. ಸುರಿಯಿತು. ಕುಮಾರಧಾರೆಯ ನೆರೆ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು. ಅಲ್ಲಿನ ನೆಲಕ್ಕೆ ಅದು ಪ್ರಳಯ. ಒಣ ಹಳ್ಳದಲ್ಲಿ, ಅಂದರೆ ವಾದಿಯಲ್ಲಿ, ಗಾಡಿ ನಿಲ್ಲಿಸಲೇಬೇಡಿ.

• ಒಬ್ಬರೇ ಹೋಗಬೇಡಿ. ನೀರು ಬೇಕಾದ್ದಕ್ಕಿಂತ ದುಪ್ಪಟ್ಟು ಇರಲಿ. ಮರಳಿಗಿಳಿಯುವ ಮೊದಲು ಟಯರಿನ ಗಾಳಿ ಇಳಿಸಿ. ಹೂತುಹೋದರೆ ಗಾಡಿ ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ರಾತ್ರಿ ರಸ್ತೆಗೆ ಒಂಟೆ ಅಡ್ಡ ಬರುತ್ತದೆ, ನಿಧಾನ.

• ರಜೆಗೆ ಊರಿಗೆ ಬಂದಾಗ ಅಮ್ಮ ಕೊಡುವ ಮೊದಲ ಚೆಂಬು ನೀರನ್ನು ನಿಂತುಕೊಂಡು ಗಟಗಟ ಕುಡಿಯಬೇಡಿ. ಜಗಲಿಯಲ್ಲಿ ಕೂತು, ತೋಟ ನೋಡುತ್ತ ಕುಡಿಯಿರಿ.