ಪಕ್ಕದೂರಿನ ಪೈಪೋಟಿ ದೂರವಾದದ್ದು ಹೇಗೆ?

ಪ್ರಶ್ನೆ: ಮಗ ಅಮೆರಿಕದ ಆರೆಗಾನ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿನ ಕಾಲೇಜು ಫುಟ್‌ಬಾಲ್‌ನಲ್ಲಿ ಅಕ್ಕಪಕ್ಕದ ಊರಿನ ತಂಡಗಳು ಬೇರೆ ಬೇರೆ ಕಾನ್ಫರೆನ್ಸ್‌ನಲ್ಲಿ, ಅಂದರೆ ಲೀಗ್ ಗುಂಪಿನಲ್ಲಿ, ಇವೆ, ದೇಶದ ಆಚೆ ತುದಿಯ ತಂಡಗಳ ಜತೆ ಲೀಗ್ ಆಡುತ್ತವೆ ಎನ್ನುತ್ತಾನೆ. ಹೀಗೇಕೆ? ಪ್ರಾಂತ್ಯವಾರು ದೊಡ್ಡ ಗುಂಪುಗಳನ್ನು ಮಾಡಬಾರದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಕಾರ್ವಾಲಿಸ್‌ನ ಆರೆಗಾನ್ ಸ್ಟೇಟ್‌ನಿಂದ ಯೂಜೀನ್‌ನ ಆರೆಗಾನ್ ವಿಶ್ವವಿದ್ಯಾಲಯಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. 1915ರಲ್ಲಿ ಪಶ್ಚಿಮ ಕರಾವಳಿಯ ಕಾನ್ಫರೆನ್ಸ್ ಹುಟ್ಟುಹಾಕಿದ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಇವೂ ಎರಡು. ಹಿಂದೆ ರಣಜಿ ಟ್ರೋಫಿಯಲ್ಲಿ ಕರ್ನಾಟಕ ಮೊದಲು ದಕ್ಷಿಣ ವಲಯದ ನೆರೆಯವರೊಂದಿಗೆ ಸೆಣಸುತ್ತಿತ್ತಲ್ಲ, ಅದೇ ಬಗೆಯ ವ್ಯವಸ್ಥೆ ಅದು.

ಅದನ್ನು ಕೆಡಿಸಿದ್ದು ಟಿವಿ ಹಣ. ಯಾವ ಪಂದ್ಯ ಟಿವಿಯಲ್ಲಿ ಬರಬೇಕೆಂಬುದು ಮೊದಲು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಕೈಯಲ್ಲಿತ್ತು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಏಕಸ್ವಾಮ್ಯವನ್ನು ರದ್ದು ಮಾಡಿತು. ಬರಬರುತ್ತ ಕಾನ್ಫರೆನ್ಸ್‌ಗಳೇ ಚಾನೆಲ್‌ಗಳ ಜತೆ ವ್ಯಾಪಾರಕ್ಕೆ ಕೂತವು. ಹೆಸರುವಾಸಿ ತಂಡಗಳು ಹೆಚ್ಚಿದಷ್ಟೂ ಒಪ್ಪಂದದ ಮೊತ್ತ ಏರುತ್ತದೆ. ಮಧ್ಯಪಶ್ಚಿಮದ ‘ಬಿಗ್ ಟೆನ್’ ಕಾನ್ಫರೆನ್ಸ್ 2022ರಲ್ಲಿ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮಿಕ್ಕಿದ ಒಪ್ಪಂದ ಮಾಡಿಕೊಂಡಿತು. ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ವಿಶ್ವವಿದ್ಯಾಲಯಗಳು ಅಷ್ಟರಲ್ಲಾಗಲೇ ಅತ್ತ ವಾಲಿದ್ದವು. ಆರೆಗಾನ್, ವಾಷಿಂಗ್ಟನ್ ಹಿಂಬಾಲಿಸಿದವು. 2024ರಲ್ಲಿ ಆ ಹಳೆಯ ಪಶ್ಚಿಮ ಕರಾವಳಿ ಕಾನ್ಫರೆನ್ಸ್‌ನ ಉತ್ತರಾಧಿಕಾರಿಯಾದ ಪ್ಯಾಕ್-12ರ ಹತ್ತು ಸದಸ್ಯರು ಹೊರನಡೆದಾಗ ಉಳಿದದ್ದು ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಬಿಗ್ ಟೆನ್‌ನಲ್ಲಿ ಈಗ 18 ತಂಡಗಳು.

ಇದರ ಭಾರ ಬೀಳುವುದು ಫುಟ್‌ಬಾಲ್ ಆಟಗಾರರಿಗಿಂತ ಉಳಿದವರ ಮೇಲೆ. ಫುಟ್‌ಬಾಲ್ ವಾರಕ್ಕೊಂದೇ ಪಂದ್ಯ, ಅದೂ ಹೆಚ್ಚಾಗಿ ಶನಿವಾರ. ವಾಲಿಬಾಲ್, ಸಾಫ್ಟ್‌ಬಾಲ್ ತಂಡಗಳಿಗೆ ವಾರಕ್ಕೆ ಎರಡು ಮೂರು ಪಂದ್ಯ. ಲಾಸ್ ಏಂಜಲೀಸ್‌ನ ಹುಡುಗಿಯೊಬ್ಬಳು ಅದೇ ಬಿಗ್ ಟೆನ್‌ನಲ್ಲಿರುವ ನ್ಯೂಜೆರ್ಸಿಯ ರಟ್ಗರ್ಸ್ ವಿರುದ್ಧ ಆಡಬೇಕೆಂದರೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಹಾರಬೇಕು. ಅಲ್ಲಿ ಬೆಳಗಿನ ಏಳು ಗಂಟೆ ಎಂದರೆ ಅವಳ ಊರಿನಲ್ಲಿ ಇನ್ನೂ ನಾಲ್ಕು. ತರಗತಿ ತಪ್ಪುತ್ತದೆ, ನಿದ್ದೆ ಕೆಡುತ್ತದೆ. ಓದಲೆಂದು ಬಂದ ಮಕ್ಕಳಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಪ್ರಾಂತ್ಯವಾರು ಮಹಾಕೂಟಗಳು ಸಾಧ್ಯವೇ? ನಕ್ಷೆ ಬರೆಯುವುದು ಸುಲಭ, ಹಣ ಹಂಚುವುದು ಕಷ್ಟ. ಯಾರು ಯಾವ ಕಾನ್ಫರೆನ್ಸ್‌ನಲ್ಲಿರಬೇಕೆಂದು ಎನ್‌ಸಿಎಎ ಆದೇಶಿಸುವಂತಿಲ್ಲ. ನೆರೆಯ ಬಡ ತಂಡದ ಜತೆ ಪಾಲು ಹಂಚಿಕೊಳ್ಳಲು ಶ್ರೀಮಂತ ತಂಡಗಳಿಗೆ ಮನಸ್ಸಿಲ್ಲ. ಎಲ್ಲರೂ ಸೇರಿ ಒಟ್ಟಿಗೇ ಪ್ರಸಾರ ಹಕ್ಕು ಮಾರಲು ವೃತ್ತಿಪರ ಲೀಗ್‌ಗಳಿಗೆ 1961ರ ಕಾಯ್ದೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ಕೊಟ್ಟಿದೆ. ಕಾಲೇಜುಗಳಿಗೆ ಅದು ಸಿಕ್ಕಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಫುಟ್‌ಬಾಲನ್ನು ಪ್ರತ್ಯೇಕಿಸಿ, ಉಳಿದ ಆಟಗಳನ್ನು ಹಳೆಯ ನೆರೆಹೊರೆಯ ಗುಂಪುಗಳಿಗೇ ಬಿಡಬೇಕೆಂದು 2023ರಲ್ಲಿ ಯುಸಿಎಲ್‌ಎ ಕೋಚ್ ಆಗಿದ್ದ ಚಿಪ್ ಕೆಲ್ಲಿ ಹೇಳಿದ್ದರು. ನನಗೂ ಅದೇ ಸರಿ ಎನಿಸುತ್ತದೆ. ಫುಟ್‌ಬಾಲ್‌ನ ಟಿವಿ ಒಪ್ಪಂದಗಳು ಮುಗಿಯುವವರೆಗೆ ಕಾಯಬೇಕಾದೀತು; ಆದರೆ ವಾಲಿಬಾಲ್, ಟೆನಿಸ್, ಸಾಫ್ಟ್‌ಬಾಲ್ ಮಕ್ಕಳನ್ನು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಪಂದ್ಯಗಳಿಗೆ ಮರಳಿಸಲು ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಸಾಕು.