ಉಸಿರು ಬಿಗಿಹಿಡಿಯುವುದನ್ನು ಇವತ್ತೇ ಬಿಡಿ

ವಿಡಿಯೊ ನೋಡಿಕೊಂಡು, ಉಸಿರು ಬಿಗಿಹಿಡಿದು ‘ಯೇಸು ಪ್ರಾರ್ಥನೆ’ ಜಪಿಸತೊಡಗಿದ ಮೇಲೆ ನಿದ್ದೆ ಹೋಗಿದೆ, ಎದೆ ಹೊಡೆದುಕೊಳ್ಳುತ್ತಿದೆ ಎಂದು ಬರೆದಿದ್ದೀರಿ. ಉಸಿರಿನ ಅಭ್ಯಾಸ ನಿಲ್ಲಿಸಿ, ಮೊದಲು ವೈದ್ಯರನ್ನು ಕಾಣಿ. ಪ್ರಾರ್ಥನೆಯನ್ನೇ ಬಿಡಬೇಕಿಲ್ಲ.

1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಆರ್ಥೊಡಾಕ್ಸ್ ಸಂಕಲನ ‘ಫಿಲೊಕಾಲಿಯಾ’ದಲ್ಲಿ ಈ ಪ್ರಾರ್ಥನೆಯ ಜೊತೆಗಿನ ಉಸಿರಿನ ವಿಧಾನದ ಪ್ರಸ್ತಾಪವಿದೆ, ನಿಜ. ಆದರೆ ಅದು ಮಠವಾಸಿಗಳು ಅನುಭವಿ ಹಿರಿಯರ ಕಣ್ಣೆದುರು ಕಲಿಯುತ್ತಿದ್ದ ಸಾಧನೆ. ಯೇಸುವಿನ ಹೆಸರು ಹಿಡಿದು ಕರುಣೆ ಬೇಡುವ ಆ ಒಂದು ಸಾಲನ್ನು ನೀವು ಸಹಜವಾಗಿ ಉಸಿರಾಡುತ್ತ, ಬಾಯಿಬಿಟ್ಟು, ಐದು ನಿಮಿಷ ಹೇಳಿದರೆ ಧಾರಾಳವಾಯಿತು. ಬೆಳಕು ಕಂಡಿತು, ದನಿ ಕೇಳಿಸಿತು ಎಂದರೆ ಅದರ ಬೆನ್ನು ಹತ್ತಬೇಡಿ. ಆ ಹಿರಿಯರೂ ಇದನ್ನೇ ಹೇಳಿ ಎಚ್ಚರಿಸಿದ್ದಾರೆ.

ಇನ್ನು ಮಾರ್ಗದರ್ಶಕರ ಮಾತು. 16ನೇ ಶತಮಾನದ ಆವಿಲಾದ ಸಂತ ತೆರೇಸಾ ಅರೆಬರೆ ಕಲಿತ ಗುರುಗಳಿಂದ ತೊಂದರೆಪಟ್ಟವರು. ಚೆನ್ನಾಗಿ ಓದಿಕೊಂಡವರನ್ನೇ ಹುಡುಕಿ ಎಂದು ತಮ್ಮ ಮಠದ ಸೋದರಿಯರಿಗೆ ಒತ್ತಿ ಹೇಳಿದರು. ನನ್ನ ಅಭಿಪ್ರಾಯವೂ ಅದೇ. ‘ಯಾರಿಗೂ ಹೇಳಬೇಡಿ’, ‘ಮಾತ್ರೆ ಬಿಡಿ’ ಎನ್ನುವವರು, ದುಡ್ಡು ಕೇಳುವವರು ಎಷ್ಟೇ ಭಕ್ತರಾಗಿ ಕಂಡರೂ ದೂರವಿರಿ. ಈ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಚರ್ಚಿನ ಗುರುಗಳೊಡನೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿಕೊಳ್ಳಿ.